ಅಮ್ಮನ ಮನೆಗೆ ಮೋಡೆಮ್ ಕೊಳ್ಳುವಾಗ

ಶಿರಸಿಯ ಮನೆಯಲ್ಲಿ ಅಮ್ಮ ಒಬ್ಬಳೇ. ಮಳೆಗಾಲದ ಸಿಡಿಲಿಗೆ ಹಳೆಯ ಮೋಡೆಮ್ ಸುಟ್ಟುಹೋದಾಗ ನಾನು ಬೆಂಗಳೂರಿನಲ್ಲಿ ಕುಳಿತು, ಬೆಲೆಯನ್ನಷ್ಟೇ ನೋಡಿ ಒಂದನ್ನು ತರಿಸಿಬಿಟ್ಟೆ. ಬಂದದ್ದು ಬರೀ ರೂಟರ್; ಫೈಬರ್ ಸಿಕ್ಕಿಸಲು ಅದರಲ್ಲಿ ಜಾಗವೇ ಇರಲಿಲ್ಲ!

ಹಾಗಾಗಿ ಮೊದಲು ಮನೆಗೆ ಬರುವ ತಂತಿಯನ್ನು ನೋಡಿ. ಫೈಬರ್ ಆದರೆ ಬೇಕಾದದ್ದು ಓಎನ್‌ಟಿ, ಅಂದರೆ ಫೈಬರಿನ ಬೆಳಕನ್ನು ವಿದ್ಯುತ್ ಸಂಕೇತವಾಗಿಸುವ ಮೋಡೆಮ್. ಅದರಲ್ಲೂ ಜಿಪಾನ್, ಇಪಾನ್ ಎಂಬ ಎರಡು ಜಾತಿಗಳಿವೆ. ಒಂದರ ಜಾಲದಲ್ಲಿ ಇನ್ನೊಂದು ಕೆಲಸ ಮಾಡುವುದಿಲ್ಲ. ಎರಡಕ್ಕೂ ಒಗ್ಗುವ ಎಕ್ಸ್‌ಪಾನ್ ಸಿಕ್ಕರೆ ನಿಶ್ಚಿಂತೆ. ಫೈಬರಿನ ತುದಿಯ ಬಣ್ಣವನ್ನೂ ಗಮನಿಸಿ. ಹಸಿರು ತುದಿಯನ್ನು ಓರೆಯಾಗಿ ಉಜ್ಜಿರುತ್ತಾರೆ, ನೀಲಿಯದನ್ನು ಹಾಗಲ್ಲ. ಒಂದನ್ನು ಇನ್ನೊಂದರ ಜಾಗಕ್ಕೆ ತುರುಕಿದರೆ ಬೆಳಕು ಸೋರುತ್ತದೆ.

ವೈಫೈ ಒಳಗೇ ಇರಲಿ, 2.4 ಮತ್ತು 5 ಗಿಗಾಹರ್ಟ್ಜ್ ಎಂಬ ಎರಡೂ ಬ್ಯಾಂಡ್ ಇರಲಿ. 5 ಗಿಗಾಹರ್ಟ್ಜ್ ವೇಗದ್ದು ನಿಜ, ಆದರೆ ನಮ್ಮ ಚಿರೆಕಲ್ಲಿನ ಗೋಡೆ ದಾಟುವಷ್ಟರಲ್ಲಿ ಸುಸ್ತಾಗುತ್ತದೆ, ಅಡುಗೆಮನೆಗೆ 2.4 ಸಾಕು.

ಹಣ ಕೊಡುವ ಮೊದಲೇ ಸಂಪರ್ಕ ಕೊಡುವವರಿಗೆ ಫೋನ್ ಮಾಡಿ: ಹೊರಗಿನ ಸಾಧನವನ್ನು ಒಪ್ಪುತ್ತೀರಾ, ಅದರ ಸೀರಿಯಲ್ ಸಂಖ್ಯೆಯನ್ನು ನೋಂದಾಯಿಸಿಕೊಳ್ಳುತ್ತೀರಾ? ಇದಕ್ಕೆ ಇಲ್ಲವೆಂದರೆ ಎಷ್ಟೇ ಒಳ್ಳೆಯ ಪೆಟ್ಟಿಗೆಯೂ ದಂಡ. ಸಂಪರ್ಕಕ್ಕೆ ಲಾಗಿನ್ ಆಗಲು ಬೇಕಾದ ಪಿಪಿಪಿಒಇ ಹೆಸರು, ಗುಪ್ತಪದ, ಅವರ ಜಾಲದಲ್ಲಿ ನಿಮ್ಮ ಸಂಪರ್ಕದ ಹಾದಿಯನ್ನು ಗುರುತಿಸುವ ವಿಲ್ಯಾನ್ ಸಂಖ್ಯೆ ಕೇಳಿ ಬರೆದುಕೊಳ್ಳಿ. ನಾನು ಎರಡನೆಯ ಸಲ ಕೊಂಡ ಮೋಡೆಮ್‌ಗೆ ಇವನ್ನೆಲ್ಲ ಇಲ್ಲೇ ತುಂಬಿ ಬಸ್ಸಿನಲ್ಲಿ ಕಳುಹಿಸಿದೆ. ಅಮ್ಮ ಫೈಬರ್ ಸಿಕ್ಕಿಸಿ ಸ್ವಿಚ್ ಹಾಕಿದಳು, ಅಷ್ಟೇ. ಫೈಬರ್ ಸಂಪರ್ಕ ತೋರಿಸುವ ಪಾನ್ ದೀಪ ಮಿನುಗುವುದನ್ನು ಬಿಟ್ಟು ನಿಂತು ಉರಿಯಿತು. ಕೆಂಪು ಲಾಸ್ ದೀಪ ಉರಿದಿದ್ದರೆ ಬೆಳಕೇ ತಲುಪಿಲ್ಲವೆಂದು ಲೈನ್‌ಮನ್‌ನನ್ನು ಕರೆಯಬೇಕಿತ್ತು.

ಮೋಡ ಗುಡುಗಿದರೆ ಈಗ ಅವಳೇ ಪ್ಲಗ್ ಕಿತ್ತಿಡುತ್ತಾಳೆ.