ಮಕ್ಕಳೊಂದಿಗೆ ಥೇಮ್ಸ್ ನಡಿಗೆ: ಮೊದಲು ರೈಲು ನೋಡಿ, ಆಮೇಲೆ ನದಿ

ಇಂಗ್ಲೆಂಡಿನಲ್ಲಿ ಮನೆಮಂದಿಯೊಂದಿಗೆ ದೂರದ ನಡಿಗೆ ಶುರು ಮಾಡಲು ಥೇಮ್ಸ್ ಪಾತ್‌ನಷ್ಟು ಸಲೀಸಾದ ಹಾದಿ ಸಿಗುವುದು ಕಷ್ಟ. 1996ರಲ್ಲಿ ತೆರೆದ ಈ ಹಾದಿ ಸುಮಾರು 298 ಕಿ.ಮೀ. ಉದ್ದ. ಹಿಂದೆ ಕುದುರೆಗಳು ಸರಕಿನ ದೋಣಿ ಎಳೆಯುತ್ತಿದ್ದ ದಂಡೆಯೇ ಬಹುಪಾಲು, ಹಾಗಾಗಿ ಏರಿಳಿತ ಕಡಿಮೆ.

ಉಗಮದಿಂದಲೇ ಹೊರಡಬೇಕೆಂಬ ಹಟ ಬೇಡ. ಕೆಂಬಲ್ ಬಳಿಯ ಆ ಹುಲ್ಲುಗಾವಲಿಗೆ ತಲಕಾವೇರಿಯ ಕುಂಡಿಕೆಯನ್ನು ನೆನೆಸಿಕೊಂಡು ಹೋದರೆ, ಬೇಸಿಗೆಯಲ್ಲಿ ಸಾಮಾನ್ಯವಾಗಿ ಕಾಣುವುದು ಒಂದು ಕಲ್ಲು ಮಾತ್ರ. ನೀರಿಲ್ಲದ ನದಿಗೆ ಮಕ್ಕಳು ಮುನಿಸಿಕೊಳ್ಳದೆ ಇರುತ್ತಾರೆಯೇ?

ಎರಡು ತುದಿಯಲ್ಲೂ ರೈಲು ನಿಲ್ದಾಣವಿರುವ ತುಂಡನ್ನು ಆರಿಸಿ. ಮೊದಲ ದಿನಕ್ಕೆ ಮಾರ್ಲೋದಿಂದ ಬೋರ್ನ್ ಎಂಡ್‌ವರೆಗಿನ ಸುಮಾರು 5 ಕಿ.ಮೀ. ಧಾರಾಳ. ವಾಪಸು ರೈಲಿನಲ್ಲಿ ಕೆಲವೇ ನಿಮಿಷ. ಕಾಲಲ್ಲಿ ಇನ್ನೂ ಕಸುವಿದ್ದರೆ ರೈಲು ಸೇತುವೆಗೆ ಅಂಟಿಕೊಂಡ ಕಾಲುಸೇತುವೆ ದಾಟಿ ಕುಕ್‌ಹ್ಯಾಮ್‌ಗೆ ಹೋಗಬಹುದು; ಅಲ್ಲಿನ ನಿಲ್ದಾಣ ಮಾತ್ರ ನದಿಯಿಂದ ತುಸು ದೂರ. ಕೊನೆಯ ಆ ನಡಿಗೆಗೆಂದೇ ಒಂದು ಚಾಕಲೇಟ್ ಬಚ್ಚಿಟ್ಟುಕೊಳ್ಳಿ. ಕವಲು ಮಾರ್ಗವಾದ್ದರಿಂದ ರೈಲುಗಳು ಕಡಿಮೆ, ವೇಳಾಪಟ್ಟಿ ಮೊದಲೇ ನೋಡಿಕೊಳ್ಳಿ.

ಮಕ್ಕಳನ್ನು ನಡೆಸುವುದು ನಿಸರ್ಗ ಸೌಂದರ್ಯವಲ್ಲ, ಲಾಕ್‌ಗಳು. ಗೇಟು ಮುಚ್ಚಿ ನೀರು ತುಂಬಿಸಿ ದೋಣಿಯನ್ನು ಎತ್ತುವ, ನೀರು ಹರಿಯಬಿಟ್ಟು ಇಳಿಸುವ ಈ ತೊಟ್ಟಿಗಳು ಲಂಡನ್ ಅಂಚಿನ ಟೆಡ್ಡಿಂಗ್ಟನ್‌ವರೆಗೆ 44 ಇವೆ. ಮಾರ್ಲೋದಲ್ಲೇ ಒಂದಿದೆ. ಬುತ್ತಿ ಬಿಚ್ಚಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಪುಳಿಯೋಗರೆ ಮುಗಿದರೂ ಮಕ್ಕಳು ಏಳುವುದಿಲ್ಲ, ಆ ಅರ್ಧ ಗಂಟೆಯನ್ನೂ ಲೆಕ್ಕಕ್ಕೆ ಹಿಡಿದುಕೊಳ್ಳಿ.

ದಾರಿಯ ಗುರುತು ಓಕ್ ಕಾಯಿಯ ಚಿತ್ರ. ಹಳದಿ ಬಾಣವೆಂದರೆ ಕಾಲ್ನಡಿಗೆಗೆ ಮಾತ್ರ; ನೀಲಿಯಾದರೆ ಕುದುರೆ, ಸೈಕಲ್ಲುಗಳೂ ಬರುತ್ತವೆ, ಚಿಕ್ಕವರ ಕೈ ಹಿಡಿಯಿರಿ. ಮೊಬೈಲ್ ಜತೆಗೆ ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯ 1:25,000 ಅಳತೆಯ ಕಾಗದದ ನಕ್ಷೆಯೂ ಇರಲಿ.

ಬಿಸಿಲಿದ್ದರೂ ಮಕ್ಕಳಿಗೆ ಉದ್ದ ಪ್ಯಾಂಟ್ ಹಾಕಿ, ದಂಡೆಯುದ್ದಕ್ಕೂ ತುರಿಕೆ ಹತ್ತಿಸುವ ನೆಟಲ್ ಗಿಡಗಳಿರುತ್ತವೆ. ಹೊಲದ ಗೇಟು ತೆರೆದಿದ್ದರೆ ತೆರೆದೇ ಬಿಡಿ, ಮುಚ್ಚಿದ್ದರೆ ಮುಚ್ಚಿ. ಹಸು ಮತ್ತು ಕರುವಿನ ನಡುವೆ ಎಂದೂ ಹಾಯಬೇಡಿ. ನಮ್ಮೂರಲ್ಲಿ ಹಸುವಿನ ಮೈ ಸವರಿ ಬೆಳೆದವರಿಗೇ ಈ ಮಾತು ಹೆಚ್ಚು ಬೇಕು. ಚಳಿಗಾಲದಲ್ಲಿ ನೆರೆ ಬಂದು ಹಾದಿ ಮುಳುಗುವುದುಂಟು, ಹೊರಡುವ ಮುನ್ನ ವಿಚಾರಿಸಿ.

ಹೀಗೆ ತುಂಡುತುಂಡಾಗಿ ನಡೆದು ಲಂಡನ್ ಮುಟ್ಟಿದಾಗ ಹಾದಿ ಎರಡೂ ದಂಡೆಗಳಲ್ಲಿ ಸಾಗುತ್ತದೆ. ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ 2015ರಲ್ಲಿ ಅನಾವರಣಗೊಂಡ ಬಸವಣ್ಣನ ಪ್ರತಿಮೆ ನೋಡಬೇಕೆಂದಿದ್ದರೆ ದಕ್ಷಿಣ ದಂಡೆ ಹಿಡಿಯಿರಿ. ಟೆಡ್ಡಿಂಗ್ಟನ್ ದಾಟಿದ ಮೇಲೆ ನದಿಯೊಳಗೂ ಸಮುದ್ರದ ಉಬ್ಬರ ಬರುತ್ತದೆ. ರಿಚ್‌ಮಂಡ್ ಸುತ್ತಮುತ್ತ ದೊಡ್ಡ ಉಬ್ಬರಕ್ಕೆ ದಾರಿಯ ಮೇಲೇ ನೀರು ನಿಲ್ಲುತ್ತದೆ. ಆ ತುಂಡಿಗೆ ರೈಲಿನ ವೇಳಾಪಟ್ಟಿಯ ಜತೆ ಉಬ್ಬರದ ವೇಳಾಪಟ್ಟಿಯನ್ನೂ ನೋಡಿಕೊಳ್ಳಬೇಕು.