ಮಂಡಿ ಆಪರೇಷನ್, ಆಮೇಲೆ ಉಯ್ಯಾಲೆ: ಒಬ್ಬ ಪಿಟಿ ಮೇಷ್ಟ್ರ ಅನುಭವ

ಮಂಡಿಯ ಕಾರ್ಟಿಲೇಜ್ (ಮೂಳೆತುದಿಗೆ ಅಂಟಿಕೊಂಡ ನುಣುಪಾದ ಮೆತ್ತೆಪದರ) ಆಪರೇಷನ್ ಮಾಡಿಸಿಕೊಂಡು, ತಿಂಗಳುಗಟ್ಟಲೆ ಆದರೂ ಬಾವು ಇಳಿಯದೆ ತಲೆಕೆಡಿಸಿಕೊಂಡು ಕೂತವರಿಗೆ ಇದನ್ನು ಬರೆಯುತ್ತಿದ್ದೇನೆ. ಎಂಆರ್‌ಐ, ಮಂಡಿಗೆ ಕಟ್ಟುವ ಬ್ರೇಸ್, ತೊಡೆ ಬಿಗಿಹಿಡಿಯುವ ಕ್ವಾಡ್ ಸೆಟ್, ಹಿಮ್ಮಡಿ ಜಾರಿಸಿ ಮಂಡಿ ಮಡಚುವ ಹೀಲ್ ಸ್ಲೈಡ್ ಇವೆಲ್ಲ ನಿಮಗೆ ಬಾಯಿಪಾಠ ಆಗಿರುತ್ತವೆ. ಅದನ್ನು ಬಿಟ್ಟು ಮುಂದೆ ಹೋಗುತ್ತೇನೆ.

ನನ್ನದು ಎಡಮಂಡಿ. ತೊಡೆಮೂಳೆಯ ಕೆಳತುದಿಯಲ್ಲಿ, ಒಳಮಗ್ಗುಲಿಗೆ, ಸುಮಾರು 2 ಚದರ ಸೆಂಟಿಮೀಟರ್ ಜಾಗದಲ್ಲಿ ಕಾರ್ಟಿಲೇಜ್ ಕಿತ್ತುಹೋಗಿತ್ತು. ಇಪ್ಪತ್ತು ವರ್ಷ ಗಟ್ಟಿ ನೆಲದ ಮೇಲೆ ವಾಲಿಬಾಲ್ ಆಡಿ, ಆಡಿಸಿ ಬಂದ ಸಂಪಾದನೆ. ಮೈಕ್ರೋಫ್ರಾಕ್ಚರ್ ಮಾಡಿದರು, ಅಂದರೆ ಆ ಜಾಗದ ಮೂಳೆಗೆ ಸಣ್ಣ ಸಣ್ಣ ತೂತು ಚುಚ್ಚುವುದು. ಆಗ ನನಗೆ 43, ತೂಕ 79 ಕೆಜಿ ಇದ್ದಿರಬೇಕು. ಸಾಗರ ತಾಲ್ಲೂಕಿನ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ಪಿಟಿ ಮೇಷ್ಟ್ರು.

ಈಗ ಎರಡು ವರ್ಷ ದಾಟಿತು. ದಿನಕ್ಕೆ 6-7 ಕಿಲೋಮೀಟರ್ ನಡೆಯುತ್ತೇನೆ. ತಾಲ್ಲೂಕು ಮಟ್ಟದ ಪಂದ್ಯಗಳಿಗೆ ದಿನವಿಡೀ ನಿಂತು ಅಂಪೈರಿಂಗ್ ಮಾಡುತ್ತೇನೆ. ಇದೆಲ್ಲ ಜಗಲಿಯ ಉಯ್ಯಾಲೆಯಿಂದ ಆಗಿದ್ದು ಅಂದರೆ ನಗುವವರು ಈಗಲೂ ಇದ್ದಾರೆ. ನಗಲಿ ಬಿಡಿ. ಹೆಚ್ಚೂಕಮ್ಮಿ ಅದೇ ಹೊತ್ತಿಗೆ ಆಪರೇಷನ್ ಆದ ಇಬ್ಬರು ನನಗೆ ಗೊತ್ತು. ಇಬ್ಬರೂ ನನಗಿಂತ ಚಿಕ್ಕವರು, ಇನ್ನೂ ಕಂಬಿ ಹಿಡಿಯದೆ ಮೆಟ್ಟಿಲು ಹತ್ತುವುದಿಲ್ಲ.

ಮೊದಲ ಆರು ವಾರದ ಬಗ್ಗೆ ಹೇಳುವುದು ಜಾಸ್ತಿ ಏನಿಲ್ಲ. ಡಾಕ್ಟರ್ ಕಾಲು ನೆಲಕ್ಕೆ ಊರಬೇಡಿ ಅಂದರು, ಊರಲಿಲ್ಲ. ಮೂಳೆಗೆ ಚುಚ್ಚಿದ ತೂತುಗಳಿಂದ ಮಜ್ಜೆಯ ರಕ್ತ ಬಂದು ಹೆಪ್ಪುಗಟ್ಟಿ, ಅದರಿಂದಲೇ ಹೊಸ ಪದರ ಬೆಳೆಯಬೇಕು. ಆ ಹೆಪ್ಪಿನ ಮೇಲೆ ತೂಕ ಬಿದ್ದರೆ ಮುಗಿಯಿತು. ಈ ವಿಷಯದಲ್ಲಿ ಮಾತ್ರ ಯಾರೂ ಜಾಣತನ ತೋರಿಸಬೇಡಿ.

ಕಾಲನ್ನು ತಾನೇ ಮಡಚಿ ಬಿಡಿಸುವ ಸಿಪಿಎಂ ಯಂತ್ರವನ್ನು ಶಿವಮೊಗ್ಗದಿಂದ ಬಾಡಿಗೆಗೆ ತಂದೆವು. ದಿನಕ್ಕೆ 400 ರೂಪಾಯಿ ಆಸುಪಾಸು. ಡಿಪಾಸಿಟ್ ಬೇರೆ, ತಂದುಹಾಕಿದ ಓಮ್ನಿಗೆ ಬೇರೆ. ದಿನಕ್ಕೆ ಆರು ಗಂಟೆ ಅದರಲ್ಲಿ ಕಾಲಿಟ್ಟು ಮಲಗಬೇಕು. ಮೇ ತಿಂಗಳ ಮಲೆನಾಡು ಗೊತ್ತಲ್ಲ. ಮಧ್ಯಾಹ್ನ ಮೂರಕ್ಕೆ ಗುಡುಗು, ಮೂರೂಕಾಲಿಗೆ ಕರೆಂಟಿಲ್ಲ. ಯಂತ್ರ ಕಾಲನ್ನು ಅರ್ಧ ಮಡಚಿದಲ್ಲೇ ನಿಂತುಬಿಡುತ್ತಿತ್ತು. ಬಾಡಿಗೆ ಬಿಲ್ಲನ್ನು ವಿಮೆಯವರು ವಾಪಸ್ ಕಳಿಸಿದರು. ಆಸ್ಪತ್ರೆಯೊಳಗೆ ಬಳಸಿದ್ದಕ್ಕೆ ಮಾತ್ರ ದುಡ್ಡಂತೆ. ಸುಮಾರು 17 ಸಾವಿರ ಹಾಗೇ ಹೋಯಿತು.

ಜೂನ್ ಬಂತು, ಶಾಲೆ ಶುರುವಾಯಿತು, ಮಳೆಯೂ ಶುರುವಾಯಿತು. ಅಂಗಳದ ತುಂಬ ಪಾಚಿ, ಅದರ ಮೇಲೆ ಹಾಸಿದ ಅಡಿಕೆ ದಬ್ಬೆ. ಊರುಗೋಲಿನ ರಬ್ಬರ್ ಬುಡ ದಬ್ಬೆಗಳ ಸಂದಿಗೆ ಸಿಕ್ಕಿಕೊಳ್ಳುತ್ತಿತ್ತು. ಮಲೆನಾಡಿನವರಿಗೆ ಒಂದು ಮಾತು. ಮುಂದಕ್ಕೆ ಹಾಕಬಹುದಾದ ಆಪರೇಷನ್ ಆದರೆ ನವೆಂಬರ್‌ನಲ್ಲಿ ಮಾಡಿಸಿ. ಅಡಿಕೆ ಕೊಯ್ಲಿನ ಹೊತ್ತಲ್ಲಿ ಮಲಗಿದ ಅಂತ ಮನೆಯವರು ಬೈದರೆ ಬೈಸಿಕೊಳ್ಳಿ, ಪಾಚಿಗಿಂತ ವಾಸಿ.

ನಿಜವಾದ ಪಾಡು ಶುರುವಾಗಿದ್ದು ಊರುಗೋಲು ಬಿಟ್ಟಮೇಲೆ. ಪೇಟೆಯ ಒಂದು ಫಿಸಿಯೋ ಸೆಂಟರಿಗೆ ವಾರಕ್ಕೆ ಮೂರು ಸಲ ಹೋಗುತ್ತಿದ್ದೆ. ಒಂದು ಸಲಕ್ಕೆ 350, ಆಟೋದಲ್ಲಿ ಹೋಗಿಬರಲು 300. ಅಲ್ಲಿನ ಹುಡುಗ ಒಳ್ಳೆಯವನೇ. "ತೊಡೆ ಗಟ್ಟಿ ಮಾಡಿ ಸರ್, ಮಂಡಿ ತಾನಾಗೇ ಸರಿಹೋಗುತ್ತೆ" ಅನ್ನುತ್ತಿದ್ದ. ಕಾಲಿಗೆ ಒಂದು ಕೆಜಿ ಮರಳುಚೀಲ, ಆಮೇಲೆ ಎರಡು, ಆಮೇಲೆ ಮೂರು. ಗೋಡೆಗೆ ಬೆನ್ನು ಕೊಟ್ಟು ಅರ್ಧ ಕೂರುವುದು. ಮಾಡುವಾಗ ಏನೂ ಅನಿಸುತ್ತಿರಲಿಲ್ಲ. ಮಾರನೇ ದಿನ ಬೆಳಿಗ್ಗೆ ಮಂಡಿಚಿಪ್ಪೇ ಕಾಣದಷ್ಟು ಬಾವು. ಎರಡು ದಿನ ಐಸು ಇಟ್ಟು, ಮೂರನೇ ದಿನ ಮತ್ತೆ ಮರಳುಚೀಲ.

ಹೀಗೇ ಎರಡು ತಿಂಗಳು. ಒಮ್ಮೆ ಸೂಜಿ ಹಾಕಿಸಿ ನೀರು ತೆಗೆಸಿದೆ. 40 ಎಂಎಲ್ ಹತ್ತಿರ ಬಂತು, ಹಳದಿ ಬಣ್ಣ. ವಾರದೊಳಗೆ ಮತ್ತೆ ತುಂಬಿಕೊಂಡಿತು. ಮಂಡಿಯೊಳಗೆ ಜಾರಿಕೆಗೆ ಅಂತ ಕೊಡುವ ಜೆಲ್ ಇಂಜೆಕ್ಷನ್ ಹಾಕಿಸಿ ಅಂದರು, 15 ಸಾವಿರ. ಹಾಕಿಸಿದೆ. ಬೇರೆಯವರಿಗೆ ಹೇಗೋ, ನನಗಂತೂ ಏನೂ ಆಗಲಿಲ್ಲ. ನಮ್ಮದೇ ರಕ್ತದಿಂದ ತೆಗೆದು ಚುಚ್ಚುವ ಪಿಆರ್‌ಪಿ ಅಂದಾಗ ಕೈಮುಗಿದು ಎದ್ದುಬಂದೆ.

ಟೇಪು ಹಿಡಿದು ನೋಡಿದರೆ ಎಡತೊಡೆ ಬಲತೊಡೆಗಿಂತ 4 ಸೆಂಟಿಮೀಟರ್ ಸಣ್ಣ. ಮೂರು ಕೆಜಿ ಎತ್ತಿದರೂ ಬೆಳೆಯುತ್ತಿಲ್ಲ. ಯಾಕೆ ಅಂತ ಬಹಳ ಜನ ಕೇಳಿಕೊಳ್ಳುವುದೇ ಇಲ್ಲ. ಮಂಡಿಯೊಳಗೆ 20-30 ಎಂಎಲ್ ನೀರು ತುಂಬಿದರೂ ಸಾಕು, ತೊಡೆಯ ಒಳಮಗ್ಗುಲಿನ ಸ್ನಾಯುವಿಗೆ ನರದಿಂದ ಬರುವ ಅಪ್ಪಣೆಯೇ ಕಮ್ಮಿಯಾಗುತ್ತದೆ. ಬಾವು ಇಟ್ಟುಕೊಂಡು ತೊಡೆ ಬೆಳೆಸುತ್ತೇನೆ ಅನ್ನುವುದು ತೂತು ಕೊಡಕ್ಕೆ ನೀರು ಸೇದಿದ ಹಾಗೆ. ಮೊದಲು ಬಾವು ಹೋಗಬೇಕು. ಅದಕ್ಕೆ ಮಂಡಿಯ ಮೇಲಿನ ಭಾರ ಇಳಿಯಬೇಕು, ಆದರೆ ಮಂಡಿ ಆಡುವುದು ನಿಲ್ಲಬಾರದು. ಕಾರ್ಟಿಲೇಜಿಗೆ ರಕ್ತನಾಳ ಇಲ್ಲ, ಮಂಡಿ ಆಡಿದರೇ ಅದಕ್ಕೆ ಊಟ.

ನಮ್ಮ ಜಗಲಿಯಲ್ಲಿ ಅಜ್ಜನ ಕಾಲದ ಉಯ್ಯಾಲೆ ಇದೆ. ಹಲಸಿನ ಹಲಗೆ, ಕಬ್ಬಿಣದ ಸರಪಳಿ. ಸಿಪಿಎಂ ಯಂತ್ರ ಮಾಡುತ್ತಿದ್ದ ಕೆಲಸವನ್ನು ಇದೂ ಮಾಡುತ್ತದಲ್ಲ ಅಂತ ಶ್ರಾವಣದ ಹೊತ್ತಿಗೆ ಹೊಳೆಯಿತು. ಕರೆಂಟೂ ಬೇಡ, ಬಾಡಿಗೆಯೂ ಇಲ್ಲ. ಎರಡೂ ಅಂಗಾಲನ್ನು ನೆಲಕ್ಕೆ ಸಪಾಟಾಗಿ ಇಟ್ಟು ಕೂರಬೇಕು. ಬಲಗಾಲಲ್ಲಿ ಮೆಲ್ಲಗೆ ದೂಡಬೇಕು. ಎಡಗಾಲು ಸುಮ್ನೆ ಜತೆಗೆ ಹೋಗಿಬರಬೇಕು. ಮೈತೂಕ ಹಲಗೆಯ ಮೇಲಿರುತ್ತದೆ. ಉಯ್ಯಾಲೆ ಮುಂದೆ ಹೋದಾಗ ಮಂಡಿ ಮಡಚುತ್ತದೆ, ಹಿಂದೆ ಬಂದಾಗ ಬಿಚ್ಚಿಕೊಳ್ಳುತ್ತದೆ. ನನ್ನ ಅಂದಾಜಿನಲ್ಲಿ 60ರಿಂದ 100 ಡಿಗ್ರಿ.

ಉಯ್ಯಾಲೆಗೆ ಅವಸರ ಮಾಡಲು ಆಗುವುದಿಲ್ಲ ಅನ್ನುವುದೇ ಇದರ ದೊಡ್ಡ ಗುಣ. ಸರಪಳಿ ಎಷ್ಟು ಉದ್ದವೋ ಅದಕ್ಕೆ ತಕ್ಕ ಲಯ. ನಮ್ಮದು ಎರಡೂಕಾಲು ಮೀಟರ್ ಇರಬೇಕು, ನಿಮಿಷಕ್ಕೆ 20 ಸಲ. ನೀವು ಎಷ್ಟೇ ಆತುರದವರಾದರೂ ಅದು ಇಪ್ಪತ್ತೇ. ಅರ್ಧ ಗಂಟೆಗೆ 600, ದಿನಕ್ಕೆ ನಾಲ್ಕು ಸಲ ಕೂತರೆ 2,400. ಸೆಂಟರಿನಲ್ಲಿ ಹದಿನೈದರ ಮೂರು ಸೆಟ್, ಅಂದರೆ 45 ಮಾಡಿ ಬಾವು ಬರಿಸಿಕೊಳ್ಳುತ್ತಿದ್ದೆ.

ಹಾಗಂತ ಲೆಕ್ಕ ಇಲ್ಲದೆ ತೂಗಿದರೆ ಆಗದು. ಶಾಲೆಯಲ್ಲಿ ಉಳಿದ ಹಾಜರಿ ಪುಸ್ತಕವೊಂದನ್ನು ಇದಕ್ಕೇ ಇಟ್ಟೆ. ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲೇ ದರ್ಜಿ ಟೇಪು ತೆಗೆದುಕೊಂಡು ಮಂಡಿಚಿಪ್ಪಿನ ನಡುವೆ ಒಂದು ಅಳತೆ, ಒಂದು ಗೇಣು ಮೇಲೆ ತೊಡೆಗೆ ಇನ್ನೊಂದು. ಮಂಡಿ ಅರ್ಧ ಸೆಂಟಿಮೀಟರಿಗಿಂತ ಜಾಸ್ತಿ ದಪ್ಪ ಆಗಿದ್ದರೆ ಎರಡು ದಿನ ಎಲ್ಲ ಕೆಲಸವೂ ಅರ್ಧ. ನಡಿಗೆಯೂ ಅರ್ಧ, ಉಯ್ಯಾಲೆಯೂ ಅರ್ಧ. ವಾರ ಪೂರ್ತಿ ಅಳತೆ ಏರದಿದ್ದರೆ ಮಾತ್ರ ಸಲಕ್ಕೆ ಐದು ನಿಮಿಷ ಸೇರಿಸುವುದು. ನೋವು ನೋಡಿ ತೀರ್ಮಾನ ಮಾಡಬೇಡಿ. ಕಾರ್ಟಿಲೇಜಿಗೆ ನರವೂ ಇಲ್ಲ. ಹೊರೆ ಹೆಚ್ಚಾಗಿದ್ದನ್ನು ಆ ಹೊತ್ತಿಗೆ ಹೇಳದೆ, ಮಾರನೇ ದಿನ ಬಾವಿನಲ್ಲಿ ಹೇಳುತ್ತದೆ. ಎಷ್ಟನೇ ವಾರಕ್ಕೆ ಏನು ಮಾಡಬೇಕು ಅಂತ ಕೊಡುವ ಚೀಟಿಯನ್ನೂ ಮೂರು ತಿಂಗಳಾದ ಮೇಲೆ ನಾನು ನೋಡಲಿಲ್ಲ. ಮಂಡಿ ಬಿಸಿಯಾಗಿ ಕೆಂಪಾಗಿ ಜ್ವರ ಬಂದರೆ, ಇಲ್ಲಾ ಮೀನಖಂಡ ಊದಿ ನೋವು ಬಂದರೆ ಟೇಪಿನ ಮಾತು ಬಿಟ್ಟು ಅವತ್ತೇ ಆಸ್ಪತ್ರೆಗೆ ಹೋಗಿ. ಅದು ಬೇರೆಯೇ ಕತೆ.

ಹಲಗೆಯನ್ನು ನೆಲದಿಂದ ಎಷ್ಟು ಎತ್ತರಕ್ಕೆ ಕಟ್ಟಿದೆ ಅಂತ ಎಲ್ಲರೂ ಕೇಳುತ್ತಾರೆ. ಹೇಳುವುದಿಲ್ಲ. ನಿಮ್ಮ ಕಾಲಿನ ಉದ್ದ ಬೇರೆ, ನನ್ನದು ಬೇರೆ. ಆಮೇಲಿನ ಹಂತದಲ್ಲಿ ಹಲಗೆಯ ಹಿಂದೆ ಒಂದು ಹಗ್ಗ ಕಟ್ಟಿ ತೊಡೆಗೆ ಕೆಲಸ ಕೊಡುವ ಉಪಾಯವೊಂದಿದೆ. ಅದನ್ನಂತೂ ಎದುರಿಗೆ ಕೂರಿಸಿ ತೋರಿಸದೆ ಹೇಳುವ ಹಾಗಿಲ್ಲ.

ಊರವರ ಮಾತು ಬಿಡಿ. ಶಾಲೆಗೆ ಅರ್ಧ ದಿನ ರಜೆ ಹಾಕಿ ಉಯ್ಯಾಲೆ ಆಡುವ ಪಿಟಿ ಮೇಷ್ಟ್ರು ಅಂದರೆ ಯಾರು ಬಿಡುತ್ತಾರೆ? "ಏನ್ ಮೇಷ್ಟ್ರೇ, ಬಾಣಂತನ ಜೋರಾ?" ಅಂತ ದಾರಿಯಲ್ಲಿ ಹೋಗುವವರೆಲ್ಲ ಕೇಳಿದರು. ಫಿಸಿಯೋ ಹುಡುಗ ಫೋನಿನಲ್ಲಿ, "ಅದರಿಂದ ಸ್ಟ್ರೆಂತ್ ಬರಲ್ಲ ಸರ್" ಅಂದ. ಬರುವುದಿಲ್ಲ ಅಂತ ನನಗೂ ಗೊತ್ತು. ಆಗ ನನಗೆ ಬೇಕಾಗಿದ್ದು ಶಕ್ತಿ ಅಲ್ಲ, ಬಾವಿಲ್ಲದ ಮಂಡಿ. ಗಣೇಶನ ಹಬ್ಬದ ಹೊತ್ತಿಗೆ ಮಂಡಿಯ ಅಳತೆ ಒಂದೂವರೆ ಸೆಂಟಿಮೀಟರ್ ಇಳಿದಿತ್ತು. ಆಪರೇಷನ್ ಆದಮೇಲೆ ಮೊದಲ ಸಲ ಮಂಡಿಚಿಪ್ಪಿನ ಎರಡೂ ಬದಿಯ ಗುಳಿ ಕಂಡವು. ಹೆಂಡತಿಯನ್ನು ಕರೆದು ತೋರಿಸಿದೆ. ಅವಳು ಹಾಜರಿ ಪುಸ್ತಕ ನೋಡಿ, "ಮಕ್ಕಳ ಹಾಜರಿಯನ್ನ ಇಷ್ಟು ಸರಿಯಾಗಿ ಬರೆದಿದ್ರಾ ಯಾವತ್ತಾದ್ರೂ?" ಅಂದಳು.

ಜತೆಗೆ ಸಣ್ಣಪುಟ್ಟ ಪ್ರಯೋಗಗಳೂ ನಡೆದವು. ಮೂಳೆಗೆ ಒಳ್ಳೆಯದು ಅಂತ ಅತ್ತೆ ಮಂಗರವಳ್ಳಿ ಅನ್ನುವ ಬಳ್ಳಿಯ ಚಟ್ನಿ ಮಾಡಿ ಕಳಿಸುತ್ತಿದ್ದರು. ಎಣ್ಣೆಯಲ್ಲಿ ಚೆನ್ನಾಗಿ ಹುರಿದು ಹುಣಸೆಹಣ್ಣು ಹಾಕಿದರೆ ರುಚಿ, ಇಲ್ಲದಿದ್ದರೆ ಗಂಟಲು ತುರಿಕೆ. ಮಂಡಿಗೆ ಏನಾಯಿತೋ ಗೊತ್ತಾಗಲಿಲ್ಲ, ದೋಸೆ ಮಾತ್ರ ಎರಡು ಜಾಸ್ತಿ ಹೋಯಿತು. ಹಳೇ ಶಿಷ್ಯನೊಬ್ಬ ಕೊಟ್ಟ ಕೊಲಾಜೆನ್ ಪುಡಿ ಡಬ್ಬ ಎರಡು ಸಾವಿರದ್ದು. ಟೇಪಿನಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಹರಳೆಣ್ಣೆ ಬಿಸಿಮಾಡಿ ಬಟ್ಟೆ ಕಟ್ಟಿದರೆ ರಾತ್ರಿ ಹಾಯ್ ಅನಿಸುತ್ತದೆ, ಬೆಳಿಗ್ಗೆ ಅಳತೆ ಅಷ್ಟೇ ಇರುತ್ತದೆ.

ನೀರಿನ ನಡಿಗೆ ಮಾತ್ರ ನಿಜಕ್ಕೂ ಕೆಲಸ ಮಾಡಿತು. ಸೊಂಟದ ಮಟ್ಟ ನೀರಿದ್ದರೆ ಕಾಲಿಗೆ ಬೀಳುವುದು ಹೆಚ್ಚೂಕಮ್ಮಿ ಅರ್ಧ ತೂಕ, ಎದೆ ಮಟ್ಟ ಇದ್ದರೆ ಇನ್ನೂ ಕಮ್ಮಿ. ಪಕ್ಕದ ಮನೆಯ ಭಟ್ಟರ ಕೃಷಿ ಹೊಂಡ ಮೊದಲು ನೋಡಿದೆ. ಅದರೊಳಗೆ ಪ್ಲಾಸ್ಟಿಕ್ ಹಾಳೆ, ಇಳಿದವನು ಜಾರದೆ ಹತ್ತಿಬರುವುದು ಕಷ್ಟ. ಅದರ ಸಹವಾಸವೇ ಬೇಡ. ಮಳೆ ನಿಂತು ವರದಾ ಹೊಳೆಯ ನೀರು ತಿಳಿಯಾದ ಮೇಲೆ ಮರಳು ಇರುವ ಜಾಗ ಹುಡುಕಿ, ಜತೆಗೊಬ್ಬರನ್ನು ಕರೆದುಕೊಂಡು, ಸಂಜೆ ಇಪ್ಪತ್ತು ನಿಮಿಷ ಅತ್ತಿಂದಿತ್ತ ನಡೆಯುತ್ತಿದ್ದೆ. ಫೆಬ್ರವರಿ ಹೊತ್ತಿಗೆ ನೀರು ಮಂಡಿಮಟ್ಟಕ್ಕೆ ಇಳಿದು ಅದೂ ನಿಂತಿತು.

ಆಮೇಲೆ ಸೆಕೆಂಡ್ ಹ್ಯಾಂಡ್ ವ್ಯಾಯಾಮದ ಸೈಕಲ್ ತಂದೆ, 4,500. ಇದಕ್ಕೊಂದು ಲೆಕ್ಕ ಇದೆ. ಬರ್ಲಿನ್ನಿನ ಸಂಶೋಧಕರು ಕೃತಕ ಮಂಡಿಯೊಳಗೇ ಸೆನ್ಸರ್ ಇಟ್ಟು ಅಳೆದಿದ್ದಾರೆ. ಸಮನೆಲದಲ್ಲಿ ನಡೆದರೆ ಮಂಡಿಗೆ ಮೈತೂಕದ ಎರಡೂವರೆ ಪಟ್ಟು ಭಾರ, ಮೆಟ್ಟಿಲು ಇಳಿದರೆ ಮೂರೂವರೆ ಪಟ್ಟಿನ ಹತ್ತಿರ, ಹಗುರವಾಗಿ ಸೈಕಲ್ ತುಳಿದರೆ ಬರೀ ಮೈತೂಕದಷ್ಟು. ಅಂದರೆ ಕಮ್ಮಿ ಭಾರದಿಂದ ಜಾಸ್ತಿ ಭಾರಕ್ಕೆ: ಉಯ್ಯಾಲೆ, ನೀರು, ಸೈಕಲ್, ನಡಿಗೆ, ಹತ್ತುವುದು, ಕೊನೆಗೆ ಇಳಿಯುವುದು. ನಾನು ಹಿಡಿದಿದ್ದು ಇದೇ ಸಾಲು. ಮರಳುಚೀಲದವರು ಎರಡು ಮೆಟ್ಟಿಲು ಹಾರಿಸಿ ಶುರುಮಾಡುತ್ತಾರೆ. ಮೈತೂಕ ಇಳಿದರೆ ಈ ಪಟ್ಟುಗಳೆಲ್ಲ ತಾವೇ ಇಳಿಯುತ್ತವೆ. ರಾತ್ರಿ ಅನ್ನ ಬಿಟ್ಟು 79ರಿಂದ 71ಕ್ಕೆ ಬಂದೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ಹಾಗಾಗಿಯೇ ಯಾರೂ ಮಾಡುವುದಿಲ್ಲ.

ಎಲ್ಲ ಸಲೀಸಾಗಿ ಏರಿತು ಅಂದುಕೊಳ್ಳಬೇಡಿ. ದೀಪಾವಳಿಯಿಂದ ಸಂಕ್ರಾಂತಿವರೆಗೆ ಪುಸ್ತಕದಲ್ಲಿ ಒಂದೇ ಅಂಕಿ. ಒಂದು ಕಿಲೋಮೀಟರ್ ನಡೆದರೆ ಸರಿ, ಒಂದೂಕಾಲು ನಡೆದರೆ ಬಾವು. ಆ ಎರಡು ತಿಂಗಳು ತಲೆ ಕೆಟ್ಟುಹೋಗಿತ್ತು. ಮದುವೆ ಮನೆಗಳಲ್ಲಿ ಪಂಕ್ತಿ ಬಿಟ್ಟು ಮೂಲೆಯ ಟೇಬಲ್ಲಿನಲ್ಲಿ ಮುದುಕರ ಜತೆ ಊಟ. "ಆಪರೇಷನ್ ಫೇಲಾಯ್ತಂತೆ" ಅಂತ ಬಡಿಸುವವರ ಮಾತು ಕಿವಿಗೆ ಬೀಳುತ್ತಿತ್ತು. ಹೊಸ ಪದರ ಹದಕ್ಕೆ ಬರಲು ವರ್ಷ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಬೇಕು. ಅದು ಅಸಲಿ ಕಾರ್ಟಿಲೇಜಿನಷ್ಟು ಗಟ್ಟಿಯೂ ಅಲ್ಲ. ಯುಗಾದಿ ಕಳೆದ ಮೇಲೆ ಏನೂ ಬದಲಾಯಿಸದೆಯೇ ನಡಿಗೆ ಒಂದೂವರೆ ಕಿಲೋಮೀಟರ್ ಆಯಿತು, ಎರಡಾಯಿತು. ತೊಡೆ ತುಂಬಿಕೊಂಡಿದ್ದೂ ಆಗಲೇ. 4 ಸೆಂಟಿಮೀಟರ್ ವ್ಯತ್ಯಾಸ ಈಗ ಒಂದಕ್ಕೆ ಬಂದಿದೆ.

ಹೋದ ಡಿಸೆಂಬರ್‌ನಲ್ಲಿ ಶಾಲೆಯ ಹುಡುಗರ ಜತೆ ಕೊಡಚಾದ್ರಿ ಹತ್ತಿದೆ. 1,343 ಮೀಟರ್ ಎತ್ತರದ ಬೆಟ್ಟ. ನಿಧಾನವಾಗಿ, ಕೋಲು ಹಿಡಿದು, ಆದರೆ ನನ್ನ ಕಾಲಲ್ಲೇ. ಇಳಿಯುವಾಗ ಜೀಪು. ಹುಡುಗರು ನಕ್ಕರು, ನಾನು ಮೂರೂವರೆ ಪಟ್ಟಿನ ಲೆಕ್ಕ ಹೇಳಿದೆ, ಅವರು ಇನ್ನೂ ನಕ್ಕರು. ಮಾರನೇ ಬೆಳಿಗ್ಗೆ ಟೇಪಿನಲ್ಲಿ ಕಾಲು ಸೆಂಟಿಮೀಟರ್ ಅಷ್ಟೇ.

ಚಕ್ಕಳಮಕ್ಕಳ ಹಾಕಿ ಕೂರುವುದು ಹತ್ತು ನಿಮಿಷ ಆಗುತ್ತದೆ, ಪಾಯಸ ಬರುವವರೆಗೆ ಆಗುವುದಿಲ್ಲ. ಕುಕ್ಕರಗಾಲು ಸಾಧ್ಯವಿಲ್ಲ. ಸ್ಮ್ಯಾಶ್ ಬಿಟ್ಟೆ, ನಿಂತಲ್ಲೇ ಸರ್ವ್ ಮಾಡುತ್ತೇನೆ. ಹತ್ತನೇ ತರಗತಿ ಹುಡುಗರಿಗೆ ಅದನ್ನು ಎತ್ತುವುದೇ ಕಷ್ಟ.

ಖರ್ಚು: ಆಪರೇಷನ್ ಒಂದೂಕಾಲು ಲಕ್ಷದ ಆಸುಪಾಸು, ಅದರಲ್ಲಿ ವಿಮೆಯಿಂದ ಬಂದಿದ್ದು 90 ಸಾವಿರ ಇರಬೇಕು. ಯಂತ್ರ 17, ಇಂಜೆಕ್ಷನ್ 15, ಫಿಸಿಯೋ ಮತ್ತು ಆಟೋ ಸೇರಿ ಇನ್ನೊಂದು 16 ಸಾವಿರ. ಉಯ್ಯಾಲೆಗೆ ಹೊಸ ಕೊಂಡಿ ಮತ್ತು ಬೇರಿಂಗ್ 600 ರೂಪಾಯಿ. ಬೇರಿಂಗ್ ಹಾಕಿಸಿ, ಇಲ್ಲದಿದ್ದರೆ ದಿನಕ್ಕೆ 2,400 ಸಲದ ಕಿರಗುಟ್ಟುವಿಕೆಗೆ ಮನೆಯವರು ನಿಮ್ಮನ್ನೇ ಹೊರಗೆ ಹಾಕುತ್ತಾರೆ.

ಊರುಗೋಲು ಎರಡೂ ಚೆನ್ನಾಗಿವೆ, ಯಾರಿಗಾದರೂ ಬೇಕಾದರೆ ಬಂದು ತೆಗೆದುಕೊಂಡು ಹೋಗಬಹುದು, ದುಡ್ಡು ಬೇಡ. ಬ್ರೇಸ್ ಕೊಡುವುದಿಲ್ಲ. ಈಚೆಗೆ ಬಲಮಂಡಿ ಕಟಕಟ ಅನ್ನುತ್ತಿದೆ.