ಉಗಾಂಡಾದಲ್ಲಿ ಶೂಬಿಲ್ ನೋಡುವುದು ಹೇಗೆ?

ಉಗಾಂಡಾದಲ್ಲಿ ಸಾವಿರಕ್ಕೂ ಹೆಚ್ಚು ಜಾತಿಯ ಹಕ್ಕಿಗಳಿವೆ. ಬೂಟಿನಂಥ ದಪ್ಪ ಕೊಕ್ಕಿನ, ಜೌಗಿನಲ್ಲಿ ಬದುಕುವ ದೊಡ್ಡ ಹಕ್ಕಿ ಶೂಬಿಲ್ ಅವುಗಳಲ್ಲೊಂದು. ಹತ್ತು ದಿನದಲ್ಲಿ ಇಡೀ ದೇಶ ಸುತ್ತಿ, ಶೂಬಿಲ್‌ಗೆ ಮಾತ್ರ ಒಂದು ಗಂಟೆ ಇಟ್ಟುಕೊಂಡು, ಅದನ್ನು ಕಾಣದೇ ಬೇಜಾರಲ್ಲಿ ವಾಪಸಾದವರನ್ನು ತುಂಬಾ ಜನ ನೋಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಹಳದಿ ಜ್ವರದ ಲಸಿಕೆ. ಹೊರಡುವುದಕ್ಕೆ ಕನಿಷ್ಠ 10 ದಿನ ಮುಂಚೆ ಹಾಕಿಸಿಕೊಳ್ಳಿ. ಆ ಕಾರ್ಡ್ ಪಾಸ್‌ಪೋರ್ಟ್ ಜೊತೆಗೇ ಇರಲಿ, ವಾಪಸ್ ಬರುವಾಗ ನಮ್ಮಲ್ಲೂ ಕೇಳುತ್ತಾರೆ. ಮಲೇರಿಯಾ ಮಾತ್ರೆಗೆ ವೈದ್ಯರನ್ನು ಕಾಣಿ. ವೀಸಾ ಆನ್‌ಲೈನ್‌ನಲ್ಲೇ ಆಗುತ್ತದೆ.

ಬೈನಾಕ್ಯುಲರ್ 8×42 (ಎಂಟು ಪಟ್ಟು ದೊಡ್ಡದಾಗಿ ತೋರಿಸುವ, 42 ಮಿ.ಮೀ. ಮಸೂರದ್ದು) ಸಾಕು. ಝೂಮ್ ಇರುವ ಅಗ್ಗದ್ದನ್ನು ದಯವಿಟ್ಟು ಕೊಳ್ಳಬೇಡಿ. ಹಕ್ಕಿ ಚೆನ್ನಾಗಿ ಸಿಗುವುದು ಬೆಳಗಿನ ಜಾವ, ಆ ಹೊತ್ತಲ್ಲೇ ಅದರೊಳಗೆ ಎಲ್ಲಾ ಮಬ್ಬು. ಕಡು ನೀಲಿ, ಕಪ್ಪು ಬಟ್ಟೆ ಮನೆಯಲ್ಲೇ ಬಿಡಿ. ಕಚ್ಚುವ ತ್ಸೆತ್ಸೆ ನೊಣಗಳು ಆ ಬಣ್ಣಗಳಿಗೇ ಮುತ್ತುತ್ತವೆ.

ಈಗ ಮುಖ್ಯ ವಿಷಯ, ಶೂಬಿಲ್ ನೋಡುವ ಜಾಗ. ಎಂಟೆಬೆ ವಿಮಾನ ನಿಲ್ದಾಣದಿಂದ ತುಂಬಾ ದೂರವಿಲ್ಲದ ಮಬಾಂಬಾ ಜೌಗು ವಿಕ್ಟೋರಿಯಾ ಸರೋವರದ ಅಂಚಿನಲ್ಲಿದೆ. ಬೆಳಕು ಹರಿಯುವ ಹೊತ್ತಿಗೆ ದೋಣಿಯಲ್ಲಿರಬೇಕು. ತಿಂಡಿ ಮುಗಿಸಿ ಹತ್ತಕ್ಕೆ ಹೊರಡುತ್ತೇವೆ ಅಂದರೆ ಬಿಸಿಲೂ ಏರಿರುತ್ತದೆ, ದೋಣಿಗಳೂ ಜಾಸ್ತಿ ಆಗಿರುತ್ತವೆ. ಸ್ಥಳೀಯ ಮಾರ್ಗದರ್ಶಕರನ್ನೇ ಕರೆದುಕೊಳ್ಳಿ. ಹಿಂದಿನ ದಿನ ಹಕ್ಕಿ ಎಲ್ಲಿತ್ತು ಅಂತ ಅವರಿಗೆ ಗೊತ್ತಿರುತ್ತದೆ. ಜೊಂಡಿನ ನಡುವಿನ ಕಿರಿದಾದ ಕಾಲುವೆಗೆ ಬಂದ ಮೇಲೆ ಮೋಟಾರ್ ನಿಲ್ಲಿಸಿ ಹುಟ್ಟು ಹಾಕಲು ಹೇಳಿ. ದೋಣಿಯಲ್ಲಿ ಎದ್ದು ನಿಲ್ಲಬೇಡಿ. ಸೆಲ್ಫಿಗೆ ಇನ್ನೂ ಹತ್ತಿರ ಹೋಗೋಣ ಅನ್ನಲೇಬೇಡಿ. ಹಕ್ಕಿ ಹಾರಿಹೋದರೆ ಅದರ ಬೇಟೆಯೂ ಹೋಯಿತು, ಹಿಂದೆ ಬರುವವರ ಅದೃಷ್ಟವೂ ಹೋಯಿತು.

ಕಂಡ ಮೇಲೆ ಕಾಯಿರಿ. ಇದೇ ಕಷ್ಟದ ಹಂತ. ಸುಮಾರು ನಾಲ್ಕಡಿ ಎತ್ತರದ ಬೂದುಬಣ್ಣದ ಹಕ್ಕಿ ಬೊಂಬೆಯಂತೆ ನಿಂತಿರುತ್ತದೆ. ಕೊಕ್ಕಿನ ತುದಿಯ ಕೊಕ್ಕೆ ಕೂಡ ಕಾಣುತ್ತದೆ. ಐದು ನಿಮಿಷಕ್ಕೆ ಫೋಟೊ ತೆಗೆದು ‘ಆಯ್ತಲ್ವಾ, ಹೋಗೋಣ’ ಅನ್ನುವವರಿಗೆ ಅಸಲಿ ನೋಟ ಸಿಗುವುದಿಲ್ಲ. ಅದು ಕಾಯುತ್ತಿರುವುದು ಲಂಗ್‌ಫಿಶ್‌ಗೆ. ಆ ಮೀನು ಉಸಿರಿಗಾಗಿ ನೀರಿನ ಮೇಲೆ ಬರಲೇಬೇಕು. ಬಂದ ಕೂಡಲೇ ಹಕ್ಕಿ ರೆಕ್ಕೆ ಬಿಚ್ಚಿ, ಇಡೀ ಮೈಯನ್ನೇ ನೀರಿಗೆ ಎಸೆದಂತೆ ಬೀಳುತ್ತದೆ. ಎದ್ದಾಗ ಕೊಕ್ಕಿನ ತುಂಬ ಕೆಸರು, ಜೊಂಡು, ನಡುವೆ ಒದ್ದಾಡುವ ಮೀನು. ಕಾಯುವಾಗ ಬೇಸರವಾದರೆ ಎಲೆಗಳ ಮೇಲೆ ಓಡಾಡುವ ಜಕಾನಾ ನೋಡಿ, ನಮ್ಮ ಕೆರೆಯ ದೇವನಕ್ಕಿಯ ಬಳಗದ್ದೇ.

ಮೊದಲ ಬೆಳಗ್ಗೆ ಸಿಗದಿದ್ದರೆ ಎರಡನೆಯದು ಇರಲಿ. ಅದಕ್ಕಾಗಿ ಒಂದು ಊರನ್ನೇ ಪಟ್ಟಿಯಿಂದ ತೆಗೆದರೂ ಸರಿ.

ಆಮೇಲೆ ಪಶ್ಚಿಮಕ್ಕೆ. ಕಿಬಾಲೆ ಕಾಡಿನಲ್ಲಿ ನಮ್ಮ ನವರಂಗದ ನೆಂಟ ಹಸಿರೆದೆಯ ಪಿಟ್ಟಾ ಇದೆ, ಕತ್ತಲೆ ಇರುವಾಗಲೇ ಕಾಡಿಗೆ ಹೋಗಿರಬೇಕು. ಕಜಿಂಗಾ ಕಾಲುವೆಯ ದೋಣಿ ಸುಲಭ, ಮಿಂಚುಳ್ಳಿಗಳು ಬೇಕಾದಷ್ಟು. ಬ್ವಿಂಡಿ ಕಾಡಿನಲ್ಲಿ ಬೆಟ್ಟ ಹತ್ತುವ ಕೆಲಸ ಜಾಸ್ತಿ, ಒಳ್ಳೆಯ ಶೂ ಬೇಕು. ಮೊಬೈಲ್‌ನಲ್ಲಿ ಕೂಗು ಹಾಕಿ ಹಕ್ಕಿ ಕರೆಯುವ ಅಡ್ಡದಾರಿ ಎಲ್ಲೂ ಬೇಡ. ತನ್ನ ಜಾಗಕ್ಕೆ ಬೇರೊಂದು ಬಂತೆಂದು ಅದು ಮರಿ, ಗೂಡು ಬಿಟ್ಟು ಜಗಳಕ್ಕೆ ಓಡಿ ಬರುತ್ತದೆ.